ಹಳ್ಳವನ್ನೇ ಉಸಿರಾಡುವ ಜೀವ

ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಮಳೆ ನಿಂತ ಮೇಲೂ ಮಳೆ ಮುಗಿಯುವುದಿಲ್ಲ. ಟ್ಯುಲಿಪ್ ಪಾಪ್ಲರ್ ಮರಗಳ ನೆತ್ತಿಯಿಂದ ಹೆಮ್ಲಾಕಿನ ಸಣ್ಣ ಸೂಜಿ ಎಲೆಗಳಿಗೆ, ಅಲ್ಲಿಂದ ರೋಡೋಡೆಂಡ್ರಾನ್ ಪೊದೆಯ ದಪ್ಪ ಎಲೆಗಳಿಗೆ, ಅಲ್ಲಿಂದ ಪಾಚಿ ಹೊದ್ದ ಬೇರುಗಳಿಗೆ ಹನಿಹನಿಯಾಗಿ ಇಳಿಯುತ್ತ, ನೆಲ ಮುಟ್ಟಿದ್ದೇ ತಡ ನೆಲದೊಳಗೆ ಕಾಣೆಯಾಗಿ, ಎಷ್ಟೋ ಹೊತ್ತಿನ ಮೇಲೆ ಎಲ್ಲೋ ಕೆಳಗೊಂದು ಬಂಡೆಯ ಸಂದಿಯಲ್ಲಿ ಒರತೆಯಾಗಿ ಕಣ್ಣು ಬಿಟ್ಟು, ಮತ್ತೊಂದು ಒರತೆಯ ಕೈ ಹಿಡಿದು, ಕಲ್ಲಿಂದ ಕಲ್ಲಿಗೆ ಹಾಯುತ್ತ ಹಳ್ಳವಾಗಿ ಮಾತು ಕಲಿಯುತ್ತದೆ. ಟೆನೆಸಿ ಮತ್ತು ಉತ್ತರ ಕ್ಯಾರೊಲಿನ ರಾಜ್ಯಗಳ ಗಡಿಯುದ್ದಕ್ಕೂ ಚಾಚಿಕೊಂಡ ಈ ಬೆಟ್ಟಸಾಲಿನ ಮೇಲೆ ಬಹುತೇಕ ಯಾವಾಗಲೂ ಒಂದು ನೀಲಿ ಮಬ್ಬು. ಮರಗಳೇ ಹೊರಬಿಡುವ ಆವಿ ಬೆಳಕನ್ನು ಚದುರಿಸಿ ಹುಟ್ಟಿಸುವ ಮಬ್ಬು ಅದು. ಕಣಿವೆಗಳಲ್ಲಿ ವರ್ಷಕ್ಕೆ ಸುಮಾರು 1400 ಮಿಲಿಮೀಟರ್, ತುದಿಗಳಲ್ಲಿ 2100 ಮಿಲಿಮೀಟರಿಗೂ ಮೇಲೆ ಮಳೆ. ಆಗುಂಬೆ ಸೀಮೆಯಲ್ಲಿ ಹುಟ್ಟಿದವಳಿಗೆ ಈ ಅಂಕಿ ದೊಡ್ಡದೇನಲ್ಲ. ಆದರೆ ನಮ್ಮಲ್ಲಿ ನಾಲ್ಕು ತಿಂಗಳಲ್ಲೇ ಎಲ್ಲವನ್ನೂ ಸುರಿದು ಹಗುರಾಗುವ ಮುಗಿಲು ಇಲ್ಲಿ ಹನ್ನೆರಡು ತಿಂಗಳಿಗೂ ಹಂಚಿ ಹನಿಸುತ್ತದೆ. ಹಾಗಾಗಿ ಇಲ್ಲಿನ ಹಳ್ಳಗಳು ಬೇಸಗೆಯ ಬಾಯಾರಿಕೆಯನ್ನು ಅಷ್ಟಾಗಿ ಕಂಡಿಲ್ಲ.

ಕತ್ತಲಾದ ಮೇಲೆ ಇಂಥ ಹಳ್ಳದ ಅಂಚಿನಲ್ಲಿ ಕೂತು, ಟಾರ್ಚಿನ ಬೆಳಕನ್ನು ನೇರವಾಗಿ ಎಸೆಯದೆ ನೀರಿನ ಮೇಲೆ ಹಾಗೇ ಹರಿಯಬಿಟ್ಟರೆ, ಮೊದಲಿಗೆ ಕಾಣುವುದು ಕಲ್ಲುಗಳಷ್ಟೇ. ನೊರೆ, ಕೊಳೆತ ಎಲೆ, ಬೆಳಕಿಗೆ ಮಿಂಚುವ ಅಭ್ರಕದ ಪುಡಿ, ಮತ್ತೆ ಕಲ್ಲು. ಕಣ್ಣು ನಿಧಾನವಾಗಿ ಕತ್ತಲಿಗೆ ಒಗ್ಗಿ, ಕಿವಿ ನೀರಿನ ಸದ್ದನ್ನು ಸದ್ದೆಂದು ಎಣಿಸುವುದನ್ನೇ ಬಿಟ್ಟ ಮೇಲೆ, ಎರಡು ಬಂಡೆಗಳ ನಡುವಿನ ಸಂದಿನಲ್ಲಿ ಒಂದು ಕಲ್ಲು ನಮ್ಮನ್ನು ನೋಡುತ್ತಿದೆ ಎಂಬ ಅರಿವು ಮೆಲ್ಲಗೆ ಮೂಡುತ್ತದೆ. ಅಗಲ ತಲೆ, ಉಬ್ಬಿದ ಕಣ್ಣು, ಆ ಕಣ್ಣಿನಲ್ಲಿ ಟಾರ್ಚಿನದೇ ಒಂದು ಚುಕ್ಕೆ. ಮೈಯೆಲ್ಲ ಸಂದಿನೊಳಗೆ, ತಲೆ ಮಾತ್ರ ಹರಿವಿನ ಬದಿಗೆ. ಅದು ಸಲಮ್ಯಾಂಡರ್. ನೋಟಕ್ಕೆ ಹಲ್ಲಿ, ನೆಂಟಸ್ತಿಕೆ ಕಪ್ಪೆಯ ಜೊತೆ. ಮೈಮೇಲೆ ಹುರುಪೆಯಿಲ್ಲ, ಬೆರಳ ತುದಿಗೆ ಉಗುರಿಲ್ಲ, ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು. ಈ ಬೆಟ್ಟಗಳ ರಾಷ್ಟ್ರೀಯ ಉದ್ಯಾನವೊಂದರಲ್ಲೇ ಸುಮಾರು 30 ಪ್ರಭೇದಗಳಿವೆ. ಜಗತ್ತಿನಲ್ಲಿ ಇಷ್ಟು ಸಣ್ಣ ಜಾಗದಲ್ಲಿ ಸಲಮ್ಯಾಂಡರುಗಳು ಇಷ್ಟು ಬಗೆಯಾಗಿ ಕವಲೊಡೆದದ್ದು ಅಪರೂಪ.

ಈಗ ಕಣ್ಣೆದುರಿಗಿರುವುದು ಯಾವುದು? ಕಣ್ಣಿನ ಹಿಂಬದಿಯಿಂದ ದವಡೆಯ ಮೂಲೆಗೆ ಓರೆಯಾಗಿ ಇಳಿಯುವ ಒಂದು ಮಸುಕು ಗೆರೆ ಇದ್ದರೆ ಅದು ಡೆಸ್ಮೊಗ್ನಾಥಸ್ ಕುಲದ್ದು. ಮುಂಗಾಲಿಗಿಂತ ಹಿಂಗಾಲು ತುಂಬಿಕೊಂಡಿರುತ್ತದೆ. ಬಾಯಿ ತೆರೆಯುವ ಬಗೆಯೇ ಬೇರೆ: ಕೆಳದವಡೆ ಹೆಚ್ಚು ಅಲುಗದೆ ಬಿಗಿಯಾಗಿದ್ದು, ತಲೆಯೇ ಮೇಲೆದ್ದು ಬಾಯಿ ಬಿಡುತ್ತದೆ. ಬಂಡೆಯ ಕೆಳಗೆ ನುಗ್ಗಲು, ಜಲ್ಲಿಯನ್ನು ತಲೆಯಿಂದಲೇ ಸರಿಸಲು ಹೇಳಿ ಮಾಡಿಸಿದ ತಲೆ. ಪಕ್ಕೆಯ ಮೇಲೆ ಎರಡು ಸಾಲು ಮಸುಕು ಚುಕ್ಕೆಗಳು ಕಂಡರೆ, ಬಾಲದ ಮೇಲಂಚು ಈಳಿಗೆಮಣೆಯ ಅಲಗಿನ ಹಾಗೆ ತೆಳುವಾಗಿ ಚೂಪಾಗಿದ್ದರೆ, ಮೈ ಗಟ್ಟಿಮುಟ್ಟಾಗಿ ಒಂದು ಗೇಣಿನ ಹತ್ತಿರಕ್ಕೆ ಬಂದಿದ್ದರೆ, ಅದು ಇಲ್ಲಿನವರು ಕರಿಹೊಟ್ಟೆಯ ಸಲಮ್ಯಾಂಡರ್ ಎನ್ನುವ ಜೀವಿ ಎಂದು ಮುಕ್ಕಾಲು ಪಾಲು ನಂಬಬಹುದು. ಉಳಿದ ಕಾಲು ಪಾಲಿಗೆ ಹೊಟ್ಟೆಯನ್ನೇ ನೋಡಬೇಕು. ಬಲಿತ ಜೀವಿಯಲ್ಲಿ ಅದು ಇದ್ದಿಲ ಕಪ್ಪು. ಪಕ್ಕದ ಬಂಡೆಯ ಮೇಲೆ ಎದೆಯೆತ್ತಿ ಕೂರುವ ಸೀಲ್ ಸಲಮ್ಯಾಂಡರಿನ ಹೊಟ್ಟೆಯೋ ಮಸುಕು ಬಿಳಿ.

ಹಾಗೆಂದು ಹಿಡಿದು ಹೊರಳಿಸಿ ನೋಡುವಂತಿಲ್ಲ. ಉದ್ಯಾನದ ಕಾನೂನು ಬಿಡದು ಎಂಬುದು ಒಂದು ಮಾತು. ಅದಕ್ಕಿಂತ ಹತ್ತಿರದ ಮಾತೆಂದರೆ, ನಮ್ಮ ಕೈಯಲ್ಲಿ ಸೊಳ್ಳೆಗೆಂದು ಹಚ್ಚಿದ್ದು, ಬಿಸಿಲಿಗೆಂದು ಬಳಿದದ್ದು, ಬೆಳಗಿನ ಸೋಪಿನ ಉಳಿಕೆ ಎಲ್ಲವೂ ಇರುತ್ತದೆ, ಮತ್ತು ಈ ಚರ್ಮ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುವ ಚರ್ಮ. ಹಾಗಾಗಿ ಕಾಯಬೇಕು. ಅದು ತಾನಾಗಿ ಸಂದಿನಿಂದ ಹೊರಬಂದು, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಮೈ ಚಾಚುವಾಗ, ನಡುವಿನ ಆ ಒಂದು ಗಳಿಗೆಯಲ್ಲಿ ಹೊಟ್ಟೆಯ ಕಪ್ಪನ್ನು ತೋರಿಸಿದರೆ ತೋರಿಸಿತು. ಕಾಯುತ್ತಿದ್ದಷ್ಟು ಹೊತ್ತೂ ಕಣ್ಣಿಗೆ ಬೇರೆ ಕೆಲಸವಿಲ್ಲ. ಹರಿವು ಎಲ್ಲಿ ಸೀಳುತ್ತದೆ, ಎಲ್ಲಿ ಕಲ್ಲಿನ ಹಿಂದೆ ಸುತ್ತಿ ನಿಲ್ಲುತ್ತದೆ, ಯಾವ ಬಂಡೆಯ ಬುಡದಲ್ಲಿ ಮರಳು ಕೂತಿಲ್ಲ, ಬೆರಳಿಟ್ಟರೆ ನೀರು ಎಷ್ಟು ಚಳಿ, ಇವೆಲ್ಲ ತಾವಾಗಿಯೇ ಒಳಗೆ ಇಳಿಯುತ್ತವೆ. ಎಷ್ಟೋ ಸಲ ಹೊಟ್ಟೆ ಕಾಣುವ ಮೊದಲೇ ಹಳ್ಳವೇ ಉತ್ತರ ಹೇಳಿಬಿಟ್ಟಿರುತ್ತದೆ: ಇಷ್ಟು ರಭಸ, ಇಷ್ಟು ತಂಪು, ಕಲ್ಲಿನಡಿ ಇಷ್ಟು ಟೊಳ್ಳು ಇರುವ ಕಡೆ ಇರುವುದು ಅದೇ.

ಕಾಯುವವರಿಗೆ ಸಿಗುವ ಇನ್ನೊಂದು ನೋಟವಿದೆ. ಸಂದಿನಿಂದ ಹೊರಬಂದ ಸಲಮ್ಯಾಂಡರ್ ಒದ್ದೆ ಕಲ್ಲಿಗೆ ಮೂತಿ ತಾಗಿಸುತ್ತದೆ. ಒಂದಷ್ಟು ಸರಿದು ಮತ್ತೆ ತಾಗಿಸುತ್ತದೆ. ಮುತ್ತಿಡುತ್ತಿದೆಯೋ, ನಮಿಸುತ್ತಿದೆಯೋ ಎನ್ನುವಂಥ ಆ ಮೃದುವಾದ ಚಲನೆಯನ್ನು ನೋಡುತ್ತ ನಾನು ಎಷ್ಟೋ ಹೊತ್ತು ಕೂತಿದ್ದೇನೆ. ಮೂಗಿನ ಹೊಳ್ಳೆಯಿಂದ ಮೇಲ್ತುಟಿಯ ಅಂಚಿಗೆ ಕೂದಲೆಳೆಗಿಂತ ಸಣ್ಣ ಒಂದು ತೋಡು ಇಳಿದಿರುತ್ತದೆ. ಕಲ್ಲಿನ ಮೇಲಿನ ತೇವ ಆ ತೋಡು ಹಿಡಿದು ತಾನಾಗಿ ಮೇಲೇರಿ, ಇಲ್ಲಿ ಯಾರು ಹಾದು ಹೋದರು, ಈ ಸಂದು ಯಾರ ಮನೆ, ಹೆಣ್ಣೋ ಗಂಡೋ ಎಂಬ ಸುದ್ದಿಯನ್ನು ಮೂಗಿಗೆ ತಲುಪಿಸುತ್ತದೆ. ಮೈಯ ಮೇಲೊಂದು ಹಳ್ಳ ಹೊತ್ತು, ಹಳ್ಳದ ದಡದ ಸುದ್ದಿ ಓದುವ ಜೀವ. ಈ ತೋಡನ್ನು ವಿವರಿಸಿ 1906ರಲ್ಲಿ ಬರೆದವರು ಇನೆಜ್ ವಿಪಲ್, ಮ್ಯಾಸಚೂಸೆಟ್ಸಿನ ಸ್ಮಿತ್ ಎಂಬ ಮಹಿಳಾ ಕಾಲೇಜಿನ ಪ್ರಾಣಿಶಾಸ್ತ್ರಜ್ಞೆ. ಎರಡು ವರ್ಷ ಮೊದಲು ಇದೇ ಹೆಣ್ಣುಮಗಳು ಅಂಗೈ ಅಂಗಾಲುಗಳ ಮೇಲಿನ ಗೆರೆಗಳ ಬಗ್ಗೆ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿದ್ದರು. ಬೆರಳ ತುದಿಯ ಸುಳಿಯಲ್ಲಿ, ಮೂತಿಯ ಮೇಲಿನ ತೋಡಿನಲ್ಲಿ, ಕಣ್ಣಿಗೆ ಸಿಕ್ಕರೂ ಸಿಗದಷ್ಟು ಸಣ್ಣ ಗೆರೆಗಳಲ್ಲಿ ಇಷ್ಟು ದೀರ್ಘವಾಗಿ ನೆಟ್ಟ ಆ ದೃಷ್ಟಿಯನ್ನು ನೆನೆದರೆ ನನಗೆ ಅದೂ ಒಂದು ಧ್ಯಾನವೇ ಎನಿಸುತ್ತದೆ.

ಅವರು ಮುಂದೆ ಮದುವೆಯಾದ ಹ್ಯಾರಿಸ್ ವೈಲ್ಡರ್ ಅದೇ ಕಾಲೇಜಿನವರು. 1894ರಲ್ಲಿ ಸಲಮ್ಯಾಂಡರುಗಳನ್ನು ಸೀಳಿ ನೋಡುತ್ತಿದ್ದ ಅವರಿಗೆ ಇರಬೇಕಾದ ಜಾಗದಲ್ಲಿ ಶ್ವಾಸಕೋಶ ಕಾಣಲಿಲ್ಲ. ಇಲ್ಲವೇ ಇಲ್ಲ. ಗಂಟಲಿನಿಂದ ಇಳಿಯಬೇಕಾದ ಗಾಳಿಕೊಳವೆಯೂ ಇಲ್ಲ. ಪ್ಲೆಥೊಡಾಂಟಿಡೆ ಎಂಬ ಈ ಇಡೀ ಕುಟುಂಬ, ಅಂದರೆ ಇಂದು ಲೋಕದಲ್ಲಿರುವ ಸಲಮ್ಯಾಂಡರ್ ಪ್ರಭೇದಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಶ್ವಾಸಕೋಶವಿಲ್ಲದೆ ಬದುಕುತ್ತವೆ. ಉಸಿರಾಟವೆಲ್ಲ ಚರ್ಮದ ಮೂಲಕ, ಮತ್ತಷ್ಟು ಬಾಯಿಯೊಳಗಿನ ತೇವದ ಪೊರೆಯ ಮೂಲಕ. ಚರ್ಮದ ತೀರಾ ಮೇಲ್ಪದರದ ತನಕ ಬಂದ ಸಣ್ಣ ಸಣ್ಣ ರಕ್ತನಾಳಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ನೇರವಾಗಿ ಹೀರಿಕೊಳ್ಳುತ್ತವೆ. ತಣ್ಣನೆಯ ನೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ; ಕಲ್ಲಿಗೆ ಬಡಿದು ನೊರೆಯೇಳುವ ನೀರು ಗಾಳಿಯನ್ನು ಮತ್ತೆ ಮತ್ತೆ ಒಳಗೆ ಕಲಸಿಕೊಳ್ಳುತ್ತದೆ. ನಮಗೆ ಬರೀ ಕಿವಿಗೆ ಇಂಪಾಗಿ ಕೇಳುವ ಆ ಜುಳುಜುಳು, ಹಳ್ಳ ಗಾಳಿಯನ್ನು ಒಳಗೆಳೆದುಕೊಳ್ಳುವ ಸದ್ದು; ಬಂಡೆಯ ಸಂದಿನಲ್ಲಿ ತೆಪ್ಪಗೆ ಕೂತವನಿಗೆ ಅದೇ ಪ್ರಾಣ.

ಯಾಕೆ ಹೀಗೆ? 1920ರಲ್ಲಿ ಇನೆಜ್ ವೈಲ್ಡರ್ ಮತ್ತು ಎಮೆಟ್ ರೀಡ್ ಡನ್ ಸೇರಿ ಒಂದು ಉತ್ತರ ಕೊಟ್ಟರು. ಎದೆಯ ತುಂಬ ಗಾಳಿ ಇಟ್ಟುಕೊಂಡವನು ತೇಲುತ್ತಾನೆ. ರಭಸದ ಬೆಟ್ಟದ ತೊರೆಯಲ್ಲಿ ತೇಲಿದವನು ಕೊಚ್ಚಿಹೋಗುತ್ತಾನೆ. ತಳದ ಕಲ್ಲನ್ನು ಅಪ್ಪಿ ಉಳಿಯಬೇಕಾದರೆ ಆ ಗಾಳಿಚೀಲವನ್ನೇ ಬಿಡಬೇಕು, ಹೇಗೂ ಉಸಿರಿಗೆ ಬೇಕಾದದ್ದು ಆ ತಣ್ಣೀರಿನಲ್ಲಿ ಯಥೇಚ್ಛವಾಗಿದೆ. ಆಮೇಲಿನ ವಿಜ್ಞಾನಿಗಳಲ್ಲಿ ಕೆಲವರು ಇದನ್ನು ಪ್ರಶ್ನಿಸಿದ್ದಾರೆ, ಬೇರೆ ಕಾರಣಗಳನ್ನು ಮುಂದಿಟ್ಟಿದ್ದಾರೆ, ವಾದ ಮುಗಿದಿಲ್ಲ. ನನಗಂತೂ ಆ ಹಳೆಯ ಊಹೆ ಬಿಡಲಾರದಷ್ಟು ಪ್ರಿಯ. ಹರಿವಿನಲ್ಲಿ ನೆಲೆ ನಿಲ್ಲುವುದಕ್ಕಾಗಿ ತನ್ನದೇ ಉಸಿರಿನ ಮನೆಯನ್ನು ಕಳಚಿ, ಆ ಕೆಲಸವನ್ನು ಹರಿವಿಗೇ ವಹಿಸಿಕೊಟ್ಟ ಜೀವ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕಿಂತಲೂ ಸೋಜಿಗದ್ದನ್ನು ತೋರಿಸಿತು: ಈ ಕುಟುಂಬದ ಭ್ರೂಣದಲ್ಲಿ, ಮೊಟ್ಟೆಯೊಳಗೆ, ಶ್ವಾಸಕೋಶದ ಮೊಳಕೆ ಇಂದಿಗೂ ಮೂಡುತ್ತದೆ. ಒಂದಷ್ಟು ಕಾಲ ಬೆಳೆಯುತ್ತದೆ. ಆಮೇಲೆ ಅದರ ಕೋಶಗಳು ಒಂದೊಂದಾಗಿ ತಾವೇ ಆರಿಹೋಗುತ್ತವೆ. ಅದೆಷ್ಟು ಲಕ್ಷ ಲಕ್ಷ ತಲೆಮಾರುಗಳ ಹಿಂದೆ ಬಿಟ್ಟುಕೊಟ್ಟದ್ದನ್ನು ಪ್ರತಿಯೊಂದು ಮರಿಯೂ ಮೊಟ್ಟೆಯ ಕತ್ತಲಲ್ಲಿ ಇನ್ನೊಮ್ಮೆ ಹೊಸದಾಗಿ ಬಿಟ್ಟುಕೊಟ್ಟು, ಆಮೇಲೆ ನೀರಿಗೆ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಮಲೆನಾಡಿನ ಮನೆಯ ಜಗಲಿಯಲ್ಲಿ ಕೂತ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ಹಳ್ಳ ಬತ್ತಿದ್ರೆ ಅದ್ರ ಉಸಿರೇ ನಿಂತ್ಹೋಗುತ್ತಲ್ಲೇ?" ಅಂದಳು. ಹೌದಮ್ಮಾ, ಅಂದೆ. ಮೈ ಒಣಗಿದರೆ ಸಾಕು, ಸುತ್ತಲೂ ಗಾಳಿ ತುಂಬಿ ತುಳುಕಿದ್ದರೂ ಅದಕ್ಕೆ ಉಸಿರಿಲ್ಲ.

ಹಳ್ಳದ ನಡುವಿನಿಂದ ದಡಕ್ಕೆ, ದಡದಿಂದ ಕಾಡಿನೊಳಕ್ಕೆ ನಿಧಾನವಾಗಿ ಬೆಳಕು ಸರಿಸುತ್ತ ಹೋದರೆ ಇನ್ನೊಂದು ಅಚ್ಚರಿ ತೆರೆದುಕೊಳ್ಳುತ್ತದೆ. ನೆಲ್ಸನ್ ಹೇರ್‌ಸ್ಟನ್ ಎಂಬ ಪರಿಸರ ವಿಜ್ಞಾನಿ 1949ರಲ್ಲಿ ಈ ಸೀಮೆಯ ಬೆಟ್ಟಗಳ ಸಲಮ್ಯಾಂಡರುಗಳು ಎಲ್ಲೆಲ್ಲಿ ಹೇಗೆ ಹಂಚಿಕೊಂಡಿವೆ ಎಂದು ಬರೆದರು. ಆ ಹಂಚಿಕೆಯ ಹಿಂದಿನ ಕಾರಣಗಳನ್ನು ಅವರೂ ಅವರ ನಂತರದವರೂ ದಶಕಗಳ ಕಾಲ ಚರ್ಚಿಸಿದರು. ನಡುನೀರಿನ ಬಂಡೆಗಳ ನಡುವೆ ಎಲ್ಲಕ್ಕಿಂತ ದಪ್ಪದ ಕರಿಹೊಟ್ಟೆ. ನೀರು ಕಲ್ಲನ್ನು ನೆಕ್ಕುವ ಅಂಚಿನಲ್ಲಿ, ಅದಕ್ಕಿಂತ ತುಸು ಸಣ್ಣ ಸೀಲ್ ಸಲಮ್ಯಾಂಡರ್. ದಡ ದಾಟಿ ಒಸರು ನೀರಿನ ಜವುಗಿನಲ್ಲಿ, ಒದ್ದೆ ಮರದ ತೊಗಟೆಯ ಕೆಳಗೆ ಇನ್ನೂ ತೆಳ್ಳನೆಯ ಒಕೊಯಿ ಸಲಮ್ಯಾಂಡರ್, ಬೆನ್ನ ಮೇಲೆ ಒಮ್ಮೆ ಕೆಂಪು, ಒಮ್ಮೆ ಹಳದಿ, ಒಮ್ಮೆ ಬೂದು. ಯಾವ ಎರಡೂ ಒಂದೇ ಥರ ಇರುವುದಿಲ್ಲ. ಎತ್ತರದ ಕಾಡಿನಲ್ಲಿ, ಹಳ್ಳದಿಂದ ದೂರ, ಕೊಳೆತೆಲೆಯ ಮೆತ್ತೆಯೊಳಗೆ ಕಿರುಬೆರಳಿಗಿಂತ ದೊಡ್ಡದಾಗದ ಪಿಗ್ಮಿ ಸಲಮ್ಯಾಂಡರ್. ಇದರ ಮರಿಗೆ ನೀರಿನ ಬಾಲ್ಯವೇ ಇಲ್ಲ, ಮೊಟ್ಟೆಯೊಳಗೇ ಎಲ್ಲ ಮುಗಿಸಿ ಪುಟ್ಟ ದೊಡ್ಡವನಾಗಿಯೇ ಹೊರಬರುತ್ತದೆ. ಮಂಜು ಕವಿದ ರಾತ್ರಿ ಅದು ಗಿಡಗಳ ದಂಟು ಹಿಡಿದು ಮೇಲೇರುತ್ತದೆ. ಒಂದೇ ಕುಲದ ಜೀವಗಳು ನೀರಿನ ನಡುವಿನಿಂದ ಎಲೆಯ ತುದಿಯವರೆಗೆ, ದೊಡ್ಡದರಿಂದ ಸಣ್ಣದಕ್ಕೆ, ತೇವದ ಒಂದೊಂದು ಮೆಟ್ಟಿಲಲ್ಲಿ ಒಂದೊಂದಾಗಿ ಕೂತಿವೆ. ಹತ್ತಾರು ಹೆಜ್ಜೆಯ ಆ ದಾರಿಯನ್ನು ನಡೆಯುವಾಗ ನನ್ನ ಹೆಜ್ಜೆ ತಾನಾಗಿ ಹಗುರಾಗುತ್ತದೆ, ಗರ್ಭಗುಡಿಯ ಹೊಸ್ತಿಲು ಎಲ್ಲಿ ಶುರುವಾಯಿತೆಂದು ತಿಳಿಯದ ಕಡೆ ನಡೆಯುವವಳ ಹಾಗೆ.

ಕಣ್ಣಿಗೆ ಕಂಡದ್ದು ಎಷ್ಟು, ಕಾಣದೆ ಉಳಿದದ್ದು ಎಷ್ಟು ಎಂಬುದಕ್ಕೆ ಒಂದು ಅಂದಾಜಿದೆ. ಇಲ್ಲಿಂದ ಬಹಳ ಉತ್ತರಕ್ಕಿರುವ ನ್ಯೂ ಹ್ಯಾಂಪ್‌ಶೈರಿನ ಹಬರ್ಡ್ ಬ್ರೂಕ್ ಕಾಡಿನಲ್ಲಿ ತೂಕ ಹಾಕಿ 1975ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿನ ಸಲಮ್ಯಾಂಡರುಗಳ ಒಟ್ಟು ತೂಕ ಹಕ್ಕಿಗಳು ತುಂಬಿ ತುಳುಕುವ ಸಂತಾನದ ಕಾಲದಲ್ಲಿ ಅವುಗಳೆಲ್ಲದರ ತೂಕಕ್ಕಿಂತ ಎರಡು ಪಟ್ಟಿನಷ್ಟಿತ್ತು. ಹಾಡುವ ಕಾಡಿಗಿಂತ ಭಾರವಾದ ಮೌನದ ಕಾಡೊಂದು ಎಲೆಯ ಕೆಳಗಿದೆ.

ಈ ಬೆಟ್ಟಗಳ ಚೆರೋಕಿ ಜನ ಹೊಳೆಯನ್ನು ಒಬ್ಬ ನೀಳ ಪುರುಷನೆಂದು ಕಂಡವರು. ಅವನ ತಲೆ ಬೆಟ್ಟದ ಮೇಲೆ, ಕಾಲು ದೂರದ ತಗ್ಗುನಾಡಿನಲ್ಲಿ. ಎಡೆಬಿಡದೆ ಮಾತಾಡುತ್ತಲೇ ಇರುವವನು, ತಿಳಿಯುವವರಿಗೆ ಮಾತ್ರ ತಿಳಿಯುವ ಮಾತು. ನಸುಕಿನಲ್ಲಿ ಹೊಳೆಗೆ ಹೋಗಿ ಮುಳುಗೇಳುವುದು ಅವರ ಆಚರಣೆಗಳಲ್ಲೆಲ್ಲ ಹಾಸುಹೊಕ್ಕಾಗಿತ್ತು. 1838ರಲ್ಲಿ ಅವರಲ್ಲಿ ಬಹುಪಾಲು ಜನರನ್ನು ಸೈನ್ಯ ಪಶ್ಚಿಮಕ್ಕೆ ಅಟ್ಟಿತು, ದಾರಿಯಲ್ಲಿ ಸಾವಿರಾರು ಜನ ಸತ್ತರು. ಉಳಿದುಕೊಂಡವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಒಕೊನಲಫ್ಟೀ ಹೊಳೆಯ ದಡದಲ್ಲಿದ್ದಾರೆ. ನೇತ್ರಾವತಿಯಲ್ಲೋ ತುಂಗೆಯಲ್ಲೋ ಮುಳುಗೆದ್ದು ಬೆಳೆದ ನಮಗೆ ಈ ನೀಳ ಪುರುಷ ಅಪರಿಚಿತನಲ್ಲ.

ದಕ್ಷಿಣ ಭಾರತದಲ್ಲಿ ಸಲಮ್ಯಾಂಡರುಗಳಿಲ್ಲ. ನಮ್ಮ ದೇಶದಲ್ಲಿ ಅವುಗಳ ಬಳಗದವರು ಇರುವುದು ಪೂರ್ವ ಹಿಮಾಲಯದ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಮಾತ್ರ. ಆದರೆ ಪಶ್ಚಿಮ ಘಟ್ಟದ ಹಳ್ಳಗಳ ರಭಸಕ್ಕೆ ಅಲ್ಲಿನ ಜೀವಗಳು ತಮ್ಮದೇ ಉತ್ತರ ಕಂಡುಕೊಂಡಿವೆ. 1937ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾವ್ ಲೋಕಕ್ಕೆ ಪರಿಚಯಿಸಿದ ಕೊಟ್ಟಿಗೆಹಾರದ ಪುಟ್ಟ ಕಪ್ಪೆ, ನೀರಿನ ಸದ್ದಿನಲ್ಲಿ ತನ್ನ ಕೂಗು ಮುಳುಗಿಹೋಗಬಹುದೆಂದೋ ಏನೋ, ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ ಬೀಸುತ್ತದೆ. ಬೆರಳ ನಡುವಿನ ಪೊರೆ ಬಿಚ್ಚಿ, ನಾನಿಲ್ಲಿದ್ದೇನೆ ಎನ್ನುತ್ತದೆ. ಒಂದು ಹಳ್ಳ ದನಿಯನ್ನು ಕಸಿದುಕೊಂಡು ನೃತ್ಯ ಕೊಟ್ಟಿತು, ಇನ್ನೊಂದು ಹಳ್ಳ ಶ್ವಾಸಕೋಶವನ್ನು ತೆಗೆದುಕೊಂಡು ತಾನೇ ಉಸಿರಾಯಿತು.

ಇಷ್ಟು ನೆಚ್ಚಿಕೊಂಡ ಮೇಲೆ ನೆಚ್ಚಿದ್ದು ಕೈಕೊಟ್ಟರೆ? ಹಳ್ಳಕ್ಕೆ ದಟ್ಟ ನೆರಳು ಕೊಡುವ ಹೆಮ್ಲಾಕ್ ಮರಗಳನ್ನು ಅಡೆಲ್ಜಿಡ್ ಎಂಬ, ಬಿಳಿ ಮೇಣದೆಳೆ ಹೊದ್ದ, ಏಷ್ಯಾದಿಂದ ಬಂದ ಸಣ್ಣ ರಸ ಹೀರುವ ಕೀಟ ಕೊಲ್ಲುತ್ತಿದೆ. ಈ ಉದ್ಯಾನದಲ್ಲಿ ಅದು ಕಂಡದ್ದು 2002ರಲ್ಲಿ. ದೊಡ್ಡ ದೊಡ್ಡ ಮರಗಳು ಬೂದು ಅಸ್ಥಿಗಳಾಗಿ ನಿಂತ ಕಡೆ ನೀರಿಗೆ ಬಿಸಿಲು ತಾಗುತ್ತದೆ, ಬೆಚ್ಚಗಾದ ನೀರು ಅಷ್ಟರಮಟ್ಟಿಗೆ ಉಸಿರನ್ನು ಕಡಿಮೆ ಹಿಡಿದುಕೊಳ್ಳುತ್ತದೆ. ಯುರೋಪಿನ ಸಲಮ್ಯಾಂಡರುಗಳ ಚರ್ಮವನ್ನು ತಿಂದು ಕೊಲ್ಲುವ ಶಿಲೀಂಧ್ರವೊಂದನ್ನು 2013ರಲ್ಲಿ ಗುರುತಿಸಿದರು. ಅದು ಇಲ್ಲಿಗೆ ಬಾರದಿರಲೆಂದು ಅಮೆರಿಕ 2016ರಲ್ಲಿ ನೂರಾರು ಪ್ರಭೇದಗಳ ಆಮದನ್ನು ತಡೆಯಿತು. ಚರ್ಮವೇ ಉಸಿರಾದವನಿಗೆ ಚರ್ಮದ ರೋಗವೆಂದರೆ ಏನೆಂದು ಯೋಚಿಸುವುದೂ ಕಷ್ಟ. ಇವೆಲ್ಲದರ ನಡುವೆ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಚಿಕ್ಕ ವಿಷಯಕ್ಕೆ: ಬೇಸಗೆಯಲ್ಲಿ ಬಂದವರು ಆಟಕ್ಕೆಂದು ಹಳ್ಳದ ಕಲ್ಲುಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹಾಗೆ ಎತ್ತಿದ ಯಾವುದೋ ಕಲ್ಲಿನ ತಳಕ್ಕೆ, ಹರಿವು ತಾಕುವ ಕಡೆ, ಒಂದು ತಾಯಿ ತನ್ನ ಮೊಟ್ಟೆಗಳನ್ನು ಅಂಟಿಸಿ, ಪಕ್ಕದಲ್ಲೇ ಸುರುಳಿಯಾಗಿ ಕಾವಲು ಮಲಗಿರಬಹುದು. ಕಲ್ಲುಗಳನ್ನು ದಯವಿಟ್ಟು ಇದ್ದಲ್ಲೇ ಬಿಡಿ.

ಕರಿಹೊಟ್ಟೆಯ ಸಲಮ್ಯಾಂಡರಿಗೆ 1840ರಿಂದ ಒಂದೇ ಹೆಸರಿತ್ತು. 2022ರಲ್ಲಿ ಇಬ್ಬರು ಸಂಶೋಧಕರು ಅದರ ಡಿಎನ್‌ಎ ಓದಿ, ಒಂದೆಂದು ತಿಳಿದದ್ದು ಹಲವು ಎಂದರು. ಕಣ್ಣಿಗೆ ಅವು ಈಗಲೂ ಹೆಚ್ಚುಕಡಿಮೆ ಒಂದೇ: ಅದೇ ದವಡೆಯ ಗೆರೆ, ಅದೇ ಚುಕ್ಕೆಗಳ ಸಾಲು, ಅದೇ ಇದ್ದಿಲ ಹೊಟ್ಟೆ. ಒಳಗೆ ಮಾತ್ರ ಲಕ್ಷಾಂತರ ವರ್ಷಗಳ ಅಗಲಿಕೆ. ಹೊಸ ಹೆಸರುಗಳು ನೆಲದ ಮೇಲಿಂದ, ನೀರಿನ ಮೇಲಿಂದ, ಜನರ ಮೇಲಿಂದ ಬಂದಿವೆ: ನಾಂಟಹೇಲ, ಪಿಸ್ಗಾ, ಕನಾವ, ಚೆರೋಕಿ. ಇಷ್ಟು ದಿನ ಕಲಿತ ಗುರುತುಗಳೆಲ್ಲ ಬಾಗಿಲವರೆಗೆ ಕರೆದೊಯ್ದು ಅಲ್ಲೇ ನಿಲ್ಲುತ್ತವೆ. ಅಲ್ಲಿಂದಾಚೆಗೆ ಕೇಳಬೇಕಾದದ್ದು ಹೊಟ್ಟೆಯ ಬಣ್ಣವನ್ನಲ್ಲ, ಇದು ಯಾವ ನೀರು ಎಂದು. ಹಾಗಾಗಿ ಈಗ ನನ್ನ ಟಿಪ್ಪಣಿಯಲ್ಲಿ ಜೀವಿಯ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಅದರ ಮೊದಲು ನೀರಿನ ವಿಳಾಸ ಬರೆಯುತ್ತೇನೆ: ಈ ಹಳ್ಳ ಒಕೊನಲಫ್ಟೀಗೆ, ಅದು ಟಕಸೀಜಿಗೆ, ಅದು ಲಿಟಲ್ ಟೆನೆಸಿಗೆ, ಅಲ್ಲಿಂದ ಟೆನೆಸಿಗೆ, ಒಹಾಯೊಗೆ, ಮಿಸಿಸಿಪ್ಪಿಗೆ.